ಶಿಡ್ಲಘಟ್ಟದ ಹುಳ, ಇಂಗ್ಲೆಂಡಿನ ಆಲೂಗಡ್ಡೆ

ಇಲ್ಲಿ, ಇಂಗ್ಲೆಂಡಿನ ಹೈಸ್ಕೂಲಿನ ಜೀವಶಾಸ್ತ್ರ ತರಗತಿಯಲ್ಲಿ, ಪ್ರಯೋಗದ ದಿನ ಮೇಜಿನ ಮೇಲೆ ಟ್ರೇಗಳು ಮೊದಲೇ ಸಿದ್ಧವಾಗಿರುತ್ತವೆ: ಆಲೂಗಡ್ಡೆ, ಆರು ಪ್ರನಾಳ, ತಕ್ಕಡಿ, ಟಿಶ್ಯೂ ಕಾಗದ. ಅವನ್ನು ಜೋಡಿಸಿಡಲೆಂದೇ ಲ್ಯಾಬ್ ಟೆಕ್ನಿಷಿಯನ್ ಒಬ್ಬರು ಸಂಬಳಕ್ಕಿರುತ್ತಾರೆ. ನಮ್ಮ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಆ ಕೆಲಸವೂ ಸಾಮಾನ್ಯವಾಗಿ ಸಿಬಿಝೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮೇಷ್ಟ್ರ ಪಾಲಿಗೇ. ಹಾಗಾಗಿ ಎರಡು ಕಡೆಯನ್ನೂ ಬಲ್ಲವರು ಹೋಲಿಸುವಾಗ ಮಾತು ತಕ್ಷಣ ಸಲಕರಣೆಗೆ ಹೋಗಿ ನಿಲ್ಲುತ್ತದೆ: ಅವರಿಗಿದೆ, ನಮಗಿಲ್ಲ.

ಈ ಹೋಲಿಕೆ ಅರ್ಧ ಸುಳ್ಳು. ಇಂಗ್ಲೆಂಡಿನಿಂದ ಎರವಲು ತರಬೇಕಾದದ್ದು ಪ್ರಶ್ನೆ ಕೇಳುವ ಬಗೆಯನ್ನು. ಪ್ರಯೋಗಕ್ಕೆ ಬೇಕಾದ ಜೀವಂತ ವಸ್ತುವಿನಲ್ಲಿ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳೇ ಶ್ರೀಮಂತ.

ಪ್ರಶ್ನೆಯ ಬಗೆ ಅಂದರೆ ಏನು? ಇಂಗ್ಲೆಂಡಿನಲ್ಲಿ 2016ರಿಂದ ಜಾರಿಗೆ ಬಂದ, ನಮ್ಮ ಎಸ್ಸೆಸ್ಸೆಲ್ಸಿ ಮಟ್ಟದ ಜಿಸಿಎಸ್‌ಇ ಪಠ್ಯಕ್ರಮದಲ್ಲಿ ಪ್ರಯೋಗಕ್ಕೆಂದು ಬೇರೆ ಅಂಕವಿಲ್ಲ. ಬದಲಿಗೆ ಲಿಖಿತ ಪರೀಕ್ಷೆಯ ಕನಿಷ್ಠ ಶೇ. 15 ಅಂಕ ಪ್ರಯೋಗಗಳ ಕುರಿತೇ ಇರಬೇಕು. ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಜೀವಶಾಸ್ತ್ರದಲ್ಲಿ ಕಡ್ಡಾಯ ಪ್ರಯೋಗಗಳು 10. ಪರೀಕ್ಷೆಯಲ್ಲಿ ಒಂದು ಕೋಷ್ಟಕ ಕೊಟ್ಟು, ‘ಇದರಲ್ಲಿ ಹೊಂದದ ಅಳತೆ ಯಾವುದು, ಯಾಕೆ ಹಾಗಾಗಿರಬಹುದು’ ಎಂದು ಕೇಳುತ್ತಾರೆ. ನಮ್ಮಲ್ಲಿ ನರಕೋಶದ ಚಿತ್ರ ಬರೆದು ಭಾಗ ಗುರುತಿಸಿ ಎನ್ನುತ್ತೇವೆ. ಚಿತ್ರ ಬರೆಯುವುದು ಕೆಟ್ಟದ್ದೇನಲ್ಲ. ಇಲ್ಲಿನ ಮಕ್ಕಳ ಚಿತ್ರ ನೋಡಿದರೆ ನಮ್ಮವರ ಸೀಸದಕಡ್ಡಿ ಗೆರೆಗೆ ಕೈಮುಗಿಯಬೇಕು. ಆದರೆ ಚಟುವಟಿಕೆ ಮಾಡುವ ಮೊದಲೇ ರೆಕಾರ್ಡ್ ಪುಸ್ತಕದಲ್ಲಿ ‘ತೀರ್ಮಾನ’ ಬರೆದಾಗಿರುತ್ತದೆ ನೋಡಿ, ಅಲ್ಲಿಗೆ ಪ್ರಯೋಗ ಸತ್ತಿತು. ಹಾಗೆಂದು ಇಂಗ್ಲೆಂಡನ್ನು ಹೊಗಳಿ ಅಟ್ಟಕ್ಕೇರಿಸುವ ಅಗತ್ಯವೂ ಇಲ್ಲ. ಹತ್ತು ಪ್ರಯೋಗ ಕಡ್ಡಾಯವೆಂದ ಮೇಲೆ ಆ ಹತ್ತನ್ನೇ ವಿಡಿಯೊ ನೋಡಿ ಉರುಹೊಡೆಯುವ ಮಕ್ಕಳು ಇಲ್ಲಿಯೂ ಉಂಟು.

ಆ ಆಲೂಗಡ್ಡೆಯನ್ನೇ ನೋಡೋಣ. ನಮ್ಮಲ್ಲಿ ಅಭಿಸರಣೆಗೆ (ಜೀವಕೋಶದ ಪೊರೆಯ ಮೂಲಕ ನೀರು ಸಾಗುವುದಕ್ಕೆ) ಒಣದ್ರಾಕ್ಷಿ ನೆನೆಹಾಕಿ ‘ಉಬ್ಬಿತು’ ಎಂದು ಬರೆಸುತ್ತೇವೆ. ಇಲ್ಲಿ ಎಷ್ಟು ಉಬ್ಬಿತು ಎಂದು ತೂಗಿಸುತ್ತಾರೆ. ಇದಕ್ಕೆ ಬೇಕಾದದ್ದು 171 ಗ್ರಾಂ ಅಡುಗೆ ಸಕ್ಕರೆ. ಅದನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಒಟ್ಟು 500 ಮಿ.ಲೀ. ಆಗುವಷ್ಟು ನೀರು ಸೇರಿಸಿದರೆ 1 ಮೋಲಾರ್ (ಮೋಲಾರ್ ಎಂದರೆ ದ್ರಾವಣದ ಸಾರತೆಯ ಅಳತೆ) ದ್ರಾವಣ. ಆರು ಲೋಟಗಳಿಗೆ ಕ್ರಮವಾಗಿ 0, 20, 40, 60, 80, 100 ಮಿ.ಲೀ. ಹಾಕಿ, ಪ್ರತಿಯೊಂದನ್ನೂ ನೀರಿನಿಂದ 100 ಮಿ.ಲೀ.ಗೆ ತುಂಬಿಸಬೇಕು. ಒಂದೇ ಗಡ್ಡೆಯಿಂದ 1 ಸೆಂ.ಮೀ. ದಪ್ಪ, 4 ಸೆಂ.ಮೀ. ಉದ್ದದ ತುಂಡುಗಳನ್ನು ಕೊಯ್ದು, ತೂಗಿ, ಲೋಟಕ್ಕೆ ಮೂರರಂತೆ ಹಾಕುವುದು. ತೂಕದ ವ್ಯತ್ಯಾಸವನ್ನು ಮೊದಲ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ಬದಲಾವಣೆ. ಗ್ರಾಫ್ ಎಳೆದರೆ ಗೆರೆ ಒಂದು ಕಡೆ ಸೊನ್ನೆಯನ್ನು ದಾಟುತ್ತದೆ, ಸಾಮಾನ್ಯವಾಗಿ 0.2ರಿಂದ 0.4 ಮೋಲಾರ್ ನಡುವೆ. ಗಡ್ಡೆಯ ಒಳಗೂ ಹೊರಗೂ ದ್ರಾವಣದ ಸಾರತೆ ಸಮವಾದ ಜಾಗ ಅದು.

ಕೆಡುವುದು ಎಲ್ಲೆಲ್ಲಿ? ಒಂದು ತುಂಡಿಗೆ ಸಿಪ್ಪೆ ಅಂಟಿಕೊಂಡಿದ್ದರೆ ಆ ಕಡೆಯಿಂದ ನೀರು ನುಗ್ಗದು. ಹೊರತೆಗೆದ ಮೇಲೆ ಒಂದು ಗುಂಪು ಮೆಲ್ಲಗೆ ಒರೆಸಿ, ಇನ್ನೊಂದು ಗುಂಪು ಹಿಂಡಿಬಿಟ್ಟರೆ ಅಳತೆ ಹೋಯಿತು. ತಕ್ಕಡಿ 0.01 ಗ್ರಾಂ ತೋರಿಸುವಂಥದ್ದಿರಬೇಕು, ಚಿನ್ನ ಬೆಳ್ಳಿ ತೂಗುವ ಜೇಬಿನ ತಕ್ಕಡಿ ಸಾಕು. 1 ಗ್ರಾಂ ಲೆಕ್ಕದ ಅಡುಗೆ ತಕ್ಕಡಿಗೆ ನಾಲ್ಕು ಗ್ರಾಂ ತುಂಡಿನಲ್ಲಾಗುವ 0.2 ಗ್ರಾಂ ಬದಲಾವಣೆ ಕಾಣಿಸುವುದೇ ಇಲ್ಲ. 40 ನಿಮಿಷದ ಪೀರಿಯಡ್ ಸಾಲದು; ಮೊದಲ ಪೀರಿಯಡ್‌ನಲ್ಲಿ ಹಾಕಿ, ಕೊನೆಯದರಲ್ಲಿ ತೆಗೆಯಿರಿ. ಇನ್ನು ನಮ್ಮ ಕಡೆಯವರಿಗೇ ಮೀಸಲಾದ ಪ್ರಶ್ನೆಯೊಂದಿದೆ: ಹೊಲದಿಂದ ಹೊಸದಾಗಿ ಕಿತ್ತ ಗಡ್ಡೆ, ಕೋಲ್ಡ್ ಸ್ಟೋರೇಜಿನಿಂದ ಬಂದ ಗಡ್ಡೆ, ಎರಡರ ಗೆರೆಯೂ ಒಂದೇ ಜಾಗದಲ್ಲಿ ಸೊನ್ನೆ ದಾಟುತ್ತದೆಯೆ? ಚಳಿಯಲ್ಲಿಟ್ಟ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ ಎಂಬುದು ಗೊತ್ತಿರುವ ಮೇಷ್ಟ್ರು ಉತ್ತರ ಹೇಳದೆ ಸುಮ್ಮನಿರಬೇಕು, ಅದೇ ಕಷ್ಟ.

ಕಿಣ್ವದ ವಿಷಯಕ್ಕೆ ಬಂದರೆ ಇಂಗ್ಲೆಂಡ್ ನಮಗಿಂತ ಹಿಂದೆ. ಇಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವ ಬಾಟಲಿಯಲ್ಲಿ ಬರುತ್ತದೆ, ಬಹುತೇಕ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದಿಂದ ತೆಗೆದದ್ದು. ಬ್ಯಾಕ್ಟೀರಿಯಾದ್ದಾದರೆ 60–70 ಡಿಗ್ರಿಯಲ್ಲೂ ಜೋರಾಗಿ ಕೆಲಸ ಮಾಡುವುದುಂಟು. ಪಠ್ಯಪುಸ್ತಕ 37 ಡಿಗ್ರಿ ಎನ್ನುತ್ತದೆ, ಗ್ರಾಫ್ ಬೇರೆಯೇ ಹೇಳುತ್ತದೆ, ಮಕ್ಕಳು ಗ್ರಾಫನ್ನೇ ತಿದ್ದುತ್ತಾರೆ! ಕೋಲಾರದಲ್ಲಿ ಆ ಬಾಟಲಿ ಯಾಕೆ ಬೇಕು? ಮೊಳಕೆ ರಾಗಿಯಲ್ಲಿ ಅಮೈಲೇಸ್ ತುಂಬಿಕೊಂಡಿದೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ನೆರಳಲ್ಲಿ ಒಣಗಿಸಿ, ಹುರಿಯದೆ ಹಿಟ್ಟು ಮಾಡಿ. ‘ಹುರಿಯದೆ’ ಎಂಬುದೇ ಇಲ್ಲಿ ಜೀವಾಳ. ಮನೆಗಳಲ್ಲಿ ಮಾಲ್ಟ್‌ಗೆಂದು ಮಾಡುವ ಹಿಟ್ಟನ್ನು ಘಮಕ್ಕಾಗಿ ಹುರಿದಿರುತ್ತಾರೆ. ಅದರಲ್ಲಿ ಕಿಣ್ವ ಸತ್ತಿರುತ್ತದೆ, ಏನೂ ಆಗುವುದಿಲ್ಲ. ಆ ‘ಏನೂ ಆಗದ’ ಹಿಟ್ಟನ್ನೂ ಒಂದು ಲೋಟಕ್ಕೆ ಹಾಕಿಸಿ, ಒಳ್ಳೆಯ ಪಾಠವಾಗುತ್ತದೆ.

ಮೂರು ಸ್ಟೀಲ್ ಲೋಟಗಳಲ್ಲಿ 150 ಮಿ.ಲೀ.ನಂತೆ ಗಟ್ಟಿ ಅಕ್ಕಿಹಿಟ್ಟಿನ ಗಂಜಿ ತೆಗೆದುಕೊಳ್ಳಿ. ಉಷ್ಣಮಾಪಕ 55 ಡಿಗ್ರಿಗೆ ಇಳಿಯುವವರೆಗೆ ಕಾಯಿರಿ; ಒಲೆಯಿಂದ ಇಳಿಸಿದ ಕೂಡಲೇ ಹಾಕಿದರೆ ಕಿಣ್ವ ಬೆಂದುಹೋಗುತ್ತದೆ. ಒಂದಕ್ಕೆ ಎರಡು ಚಮಚ ತಣ್ಣೀರಿನಲ್ಲಿ ಕಲಸಿದ ಒಂದು ಚಮಚ ಮೊಳಕೆ ಹಿಟ್ಟು, ಎರಡನೆಯದಕ್ಕೆ ಅಷ್ಟೇ ನೀರಿನಲ್ಲಿ ಕಲಸಿ ಕುದಿಸಿ ಆರಿಸಿದ ಅದೇ ಹಿಟ್ಟು, ಮೂರನೆಯದಕ್ಕೆ ಹುರಿದ ಹಿಟ್ಟು. ಹತ್ತು ಹದಿನೈದು ನಿಮಿಷದಲ್ಲಿ ಮೊದಲನೆಯದು ನೀರಾಗುತ್ತದೆ. ಅಷ್ಟಕ್ಕೇ ನಿಲ್ಲಿಸದೆ ಅಳೆಯಿಸಿ: ಓರೆಯಾಗಿಟ್ಟ ತಟ್ಟೆಯ ಮೇಲೆ ಒಂದು ಚಮಚ ಗಂಜಿ ಬಿಟ್ಟು, 30 ಸೆಕೆಂಡಿನಲ್ಲಿ ಎಷ್ಟು ಸೆಂ.ಮೀ. ಹರಿಯಿತು ಎಂದು ಸ್ಕೇಲ್ ಇಟ್ಟು ನೋಡುವುದು. ಕೂಸಿಗೆ ಮೊಳಕೆ ರಾಗಿಯ ಸರಿ ಯಾಕೆ ತೆಳ್ಳಗಾಗುತ್ತದೆ ಎಂಬುದು ಮನೆಯ ಅಜ್ಜಿಗೆ ಗೊತ್ತು. ಕಾರಣ ಮೊಮ್ಮಗಳು ಹೇಳಲಿ.

ಅಯೋಡಿನ್ ಪರೀಕ್ಷೆ (ಪಿಷ್ಟವಿದ್ದರೆ ನೀಲಿಯಾಗುತ್ತದೆ) ಮಾಡುವುದಾದರೆ ತಳಕ್ಕೆ ಬಿಳಿ ಕಾಗದವಿಟ್ಟ ಪ್ಲಾಸ್ಟಿಕ್ ಹಾಳೆಯ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಟ್ಟು, 30 ಸೆಕೆಂಡಿಗೊಮ್ಮೆ ಒಂದು ಹನಿ ಗಂಜಿ ಬೆರೆಸಿದರೆ ಸಾಕು. ಗಂಜಿ ತೆಳ್ಳಗಿರಲಿ, 100 ಮಿ.ಲೀ.ಗೆ 1 ಗ್ರಾಂ ಹಿಟ್ಟು. ಬಿಸಿ ಹನಿಗೆ ಅಯೋಡಿನ್ ತಾಗಿದರೆ ನೀಲಿ ಬಣ್ಣ ತಾನೇ ಮಾಯವಾಗುತ್ತದೆ, ಪಿಷ್ಟ ಮುಗಿಯಿತೆಂದು ಮಕ್ಕಳು ಕುಣಿಯುತ್ತಾರೆ. ಹನಿ ಆರಿದ ಮೇಲೆ ನೋಡಿ. ಅಮೈಲೇಸ್‌ಗಾಗಿ ಜೊಲ್ಲು ಬಳಸುವುದಾದರೆ ಪ್ರತಿಯೊಬ್ಬರೂ ತಮ್ಮ ಜೊಲ್ಲನ್ನೇ ಬಳಸಿ, ತಮ್ಮ ಪ್ರನಾಳವನ್ನು ತಾವೇ ತೊಳೆಯಬೇಕು.

ಎಲೆಯ ಪಿಷ್ಟ ಪರೀಕ್ಷೆಯಲ್ಲಿ ಮಾತ್ರ ಇಲ್ಲಿನವರ ಕಟ್ಟುನಿಟ್ಟನ್ನು ಕಣ್ಣುಮುಚ್ಚಿ ಅನುಸರಿಸಬೇಕು. ಸ್ಪಿರಿಟ್ ಇರುವ ಮೇಜಿನ ಮೇಲೆ ಉರಿಯುವ ದೀಪ ಇರಕೂಡದು. ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಬಿಸಿಯೂಟದ ಕೋಣೆಯಲ್ಲಿ ಕುದಿಸಿ ತಂದ ನೀರಿನ ಪಾತ್ರೆಯಲ್ಲಿ ಸ್ಪಿರಿಟ್ ಪ್ರನಾಳ ಇಳಿಬಿಟ್ಟರೆ ಎಲೆಯ ಹಸಿರು ಹೊರಬರುತ್ತದೆ, ತಣ್ಣಗಾದರೆ ನೀರು ಬದಲಿಸಿದರಾಯಿತು. ಬೆಂಕಿ ಬೇಡವೇ ಬೇಡ. ಎಲೆ ದಾಸವಾಳದ್ದೋ ಕರ್ಣಕುಂಡಲದ್ದೋ ಆಗಲಿ. ಮಾವಿನೆಲೆ ಒರಟು, ಹಸಿರು ಬಿಡುವುದಿಲ್ಲ; ಈರುಳ್ಳಿ ಎಲೆಯಲ್ಲಿ ಪಿಷ್ಟವೇ ಕೂಡುವುದಿಲ್ಲ.

ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿ ಬೆಳಕಿನ ಪ್ರಮಾಣ ಬದಲಿಸಲು ಇಲ್ಲಿ ದೀಪವನ್ನು 10, 20, 30 ಸೆಂ.ಮೀ. ದೂರಕ್ಕೆ ಸರಿಸುತ್ತಾ ನೀರುಗಿಡದ ಗುಳ್ಳೆ ಎಣಿಸುತ್ತಾರೆ. ಅಂಚೆಯಲ್ಲಿ ಬಂದ ಗಿಡ ಅನೇಕ ಸಲ ಒಂದು ಗುಳ್ಳೆಯನ್ನೂ ಬಿಡುವುದಿಲ್ಲ. ನಮ್ಮಲ್ಲಿ ಬಿಸಿಲಿದೆ, ಹೈಡ್ರಿಲ್ಲಾ ಎಂಬ ನೀರುಗಿಡ ಇದೆ, ಎಲ್ಲಕ್ಕಿಂತ ಮಿಗಿಲಾಗಿ ಟೊಮೆಟೊ ನರ್ಸರಿಯ ಶೇಡ್ ನೆಟ್ ಇದೆ. ಅದನ್ನು ಮಾರುವುದೇ ಶೇ. 35, 50, 75, 90 ಎಂದು ನೆರಳಿನ ಲೆಕ್ಕದಲ್ಲಿ. ಇಂಥ ಸಿದ್ಧ ಅಳತೆಗೋಲು ಲಂಡನ್ನಿನ ಶಾಲೆಯಲ್ಲಿ ಇಲ್ಲ. 8 ಸೆಂ.ಮೀ. ಹೈಡ್ರಿಲ್ಲಾ ಕಡ್ಡಿಯನ್ನು ಕೊಯ್ದ ತುದಿ ಮೇಲೆ ಬರುವಂತೆ 200 ಮಿ.ಲೀ. ನೀರಿನಲ್ಲಿ ಮುಳುಗಿಸಿ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಲೋಟಗಳನ್ನು ನೀರಿನ ದೊಡ್ಡ ಟಬ್‌ನಲ್ಲಿ ಇಡಿ. ಇಲ್ಲವಾದರೆ ಬಿಸಿಲಿಗೆ ನೀರು ಕಾದು, ಬೆಳಕಿನ ಪರಿಣಾಮವೋ ಶಾಖದ ಪರಿಣಾಮವೋ ತಿಳಿಯುವುದಿಲ್ಲ. ನೆಟ್ ಹೊದಿಸಿ ಐದು ನಿಮಿಷ ಬಿಟ್ಟು ಎಣಿಸಬೇಕು. ಮೋಡ ಬಂದು ಹೋಗುವ ತಿಂಗಳಲ್ಲಿ ಎಲ್ಲ ಗುಂಪುಗಳೂ ಒಟ್ಟಿಗೇ ಎಣಿಸಬೇಕು, ಒಬ್ಬರಾದ ಮೇಲೆ ಒಬ್ಬರಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬಿದ ಕೆರೆಗಳಿಂದ ತಂದ ಗಿಡವಾದರೆ ಚೆನ್ನಾಗಿ ತೊಳೆದು, ಕೈಗೂ ಸೋಪು ಹಾಕಿಸಿ.

ಎಲೆಯ ಪತ್ರರಂಧ್ರದ ಅಚ್ಚು ತೆಗೆಯಲು ಬಣ್ಣವಿಲ್ಲದ ನೈಲ್ ಪಾಲಿಶ್ ಮತ್ತು ಸೆಲ್ಲೋಟೇಪ್ ಎರಡೂ ದೇಶಗಳಲ್ಲಿ ಒಂದೇ. ತೆಳ್ಳಗೆ ಬಳಿಯಬೇಕು, ಪೂರ್ತಿ ಒಣಗಬೇಕು. ಕಣಗಿಲೆ ಎಲೆ ಮಾತ್ರ ಬೇಡ. ಅದರ ರಂಧ್ರಗಳು ರೋಮ ತುಂಬಿದ ಗುಳಿಯೊಳಗೆ ಅಡಗಿರುತ್ತವೆ, ಅಚ್ಚಿನಲ್ಲಿ ಏನೂ ಕಾಣದು. ರಾಗಿ ಎಲೆಯಲ್ಲಿ ಅವು ಸಾಲುಸಾಲಾಗಿ, ಡಂಬೆಲ್ ಆಕಾರದ ಕಾವಲು ಕೋಶಗಳೊಂದಿಗೆ ಕಾಣುತ್ತವೆ. ಪುಸ್ತಕದ ಅವರೆಬೀಜದಾಕಾರದ ಕಾವಲು ಕೋಶದ ಚಿತ್ರಕ್ಕೆ ಇದು ಹೊಂದುವುದಿಲ್ಲ, ಹೊಂದದ್ದನ್ನೇ ಬರೆಸಿ. ಸೂಕ್ಷ್ಮದರ್ಶಕ ಕೆಟ್ಟು ಕೂತ ಶಾಲೆಗಳಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ ರೂಪಿಸಿದ ಕಾಗದದ ಫೋಲ್ಡ್‌ಸ್ಕೋಪ್, 140 ಪಟ್ಟು ಹಿಗ್ಗಿಸುವಂಥದ್ದು, ಇದಕ್ಕೆ ಧಾರಾಳವಾಗಿ ಸಾಕು.

ಇನ್ನು ರೇಷ್ಮೆ ಹುಳ. ಇಲ್ಲಿ ಪ್ರಾಥಮಿಕ ಶಾಲೆಗಳು ಚಿಟ್ಟೆಯ ಮರಿಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಚೆ ಮೂಲಕ ತರಿಸಿ ಸಾಕುತ್ತವೆ, ದುಡ್ಡು ಕೊಟ್ಟು. ಶಿಡ್ಲಘಟ್ಟದಲ್ಲಿ ಹುಳುಮನೆ ಶಾಲೆಯ ಪಕ್ಕದಲ್ಲೇ ಇರುತ್ತದೆ. ಆದರೂ ತರಗತಿಯಲ್ಲಿ ರೂಪಾಂತರದ ಪಾಠ ಬಂದಾಗ ಮಕ್ಕಳು ಲಾರ್ವಾ, ಪ್ಯೂಪಾ ಎಂದು ಬಾಯಿಪಾಠ ಮಾಡುತ್ತಾರೆ. ಚಾಕಿ (ಎಳೆ ಹುಳ ಸಾಕುವುದು), ಜ್ವರ, ಹಣ್ಣು ಹುಳ (ಗೂಡು ಕಟ್ಟಲು ಮಾಗಿದ್ದು), ಚಂದ್ರಿಕೆ (ಗೂಡು ಕಟ್ಟಿಸುವ ತಟ್ಟೆ), ಗೂಡು: ಹುಳುಮನೆಯ ಈ ಮಾತುಗಳೆಲ್ಲ ಬಾಗಿಲ ಹೊರಗೆ ಚಪ್ಪಲಿಯ ಜೊತೆ ಉಳಿಯುತ್ತವೆ. ಜ್ವರವೆಂದರೆ ಕಾಯಿಲೆಯಲ್ಲ, ಹಿಗ್ಗದ ಹೊರಚರ್ಮ ಕಳಚುವ ಹೊತ್ತು. ಅದು ನಾಲ್ಕು ಸಲ ಬರುತ್ತದೆ, ಹಾಗಾಗಿ ಹಂತಗಳು ಐದು. ಈ ಒಂದು ವಾಕ್ಯ ಸಾಕು, ರೈತನ ಮಗಳಿಗೆ ಅರ್ಧ ಪಾಠ ಮುಗಿದಂತೆ.

ನಾಲ್ಕನೇ ಜ್ವರ ಎದ್ದ 20 ಹುಳ ತನ್ನಿ. ಮುಂದಿನ ಏಳೆಂಟು ದಿನದಲ್ಲಿ ಅವು ಜೀವಮಾನದ ಸೊಪ್ಪಿನ ಶೇ. 80ಕ್ಕೂ ಹೆಚ್ಚು ತಿಂದು ಮುಗಿಸುತ್ತವೆ. ಮೂರು ರಟ್ಟಿನ ಪೆಟ್ಟಿಗೆಗಳು: ಎರಡರಲ್ಲಿ ಹತ್ತು ಹತ್ತು ಹುಳ, ಮೂರನೆಯದರಲ್ಲಿ ಬರೀ ಸೊಪ್ಪು. ದಿನಕ್ಕೆ ಪ್ರತಿ ಪೆಟ್ಟಿಗೆಗೂ ಒಟ್ಟು 50 ಗ್ರಾಂ ಹಿಪ್ಪುನೇರಳೆ ಸೊಪ್ಪು ತೂಗಿ ಕೊಡಿ, ಸಾಲದಿದ್ದರೆ ಮೂರಕ್ಕೂ ಒಂದೇ ಸಮ ಹೆಚ್ಚಿಸಿ. ಮರುದಿನ ಉಳಿದ ಸೊಪ್ಪು, ಹಿಕ್ಕೆ, ಹುಳ ಬೇರೆಬೇರೆಯಾಗಿ ತೂಗಬೇಕು. ಮೂರನೆಯ ಪೆಟ್ಟಿಗೆ ಯಾಕೆ? ಸೊಪ್ಪು ಸುಮ್ಮನಿದ್ದರೂ ಬಾಡಿ ಹಗುರಾಗುತ್ತದೆ. ಅಲ್ಲಿ 50 ಗ್ರಾಂ 40ಕ್ಕೆ ಇಳಿದಿದ್ದರೆ, ಉಳಿದ ಪೆಟ್ಟಿಗೆಗಳಲ್ಲಿ ಮಿಕ್ಕ ಒಂದೊಂದು ಗ್ರಾಂ ಬಾಡಿದ ಸೊಪ್ಪೂ ಮೊದಲು ಒಂದೂಕಾಲು ಗ್ರಾಂ ಇತ್ತು ಎಂದು ಲೆಕ್ಕ ಹಿಡಿಯಬೇಕು. ಹೀಗೆ ಸಿಕ್ಕ ಅಂಕಿಗಳ ಮುಂದೆ ಆಹಾರ ಪಿರಮಿಡ್ಡಿನ ಚಿತ್ರ ಬರೀ ಚಿತ್ರವಾಗಿ ಉಳಿಯುವುದಿಲ್ಲ: ತಿಂದದ್ದೆಷ್ಟು, ಮೈಗೆ ಹತ್ತಿದ್ದೆಷ್ಟು, ಹಿಕ್ಕೆಯಾಗಿ ಬಿದ್ದದ್ದೆಷ್ಟು.

ಒದ್ದೆ ಸೊಪ್ಪು, ಔಷಧಿ ಹೊಡೆದ ತೋಟದ ಸೊಪ್ಪು, ಕೋಣೆಯಲ್ಲಿ ಸೊಳ್ಳೆಬತ್ತಿ, ಇವು ಮೂರೂ ಹುಳಕ್ಕೆ ಯಮ. ಪೆಟ್ಟಿಗೆಗೆ ಸೊಳ್ಳೆಪರದೆ ಬಟ್ಟೆ ಕಟ್ಟದಿದ್ದರೆ ಊಜಿ ನೊಣ ಬಂದು ಮೈಮೇಲೆ ಮೊಟ್ಟೆಯಿಡುತ್ತದೆ, ಆಮೇಲೆ ಕಪ್ಪು ಕಲೆ ಏಳುತ್ತದೆ. ಪರಾವಲಂಬನದ ಪಾಠಕ್ಕೆ ಆ ಒಂದು ಹುಳವನ್ನು ಬೇರೆ ಡಬ್ಬಿಯಲ್ಲಿಟ್ಟು ನೋಡಬಹುದು. ಭಾನುವಾರಕ್ಕೆ ಸೊಪ್ಪು ಹಾಕುವವರು ಯಾರೆಂದು ಶುಕ್ರವಾರವೇ ಗೊತ್ತು ಮಾಡಿಕೊಳ್ಳಿ.

ಗೂಡು ಕಟ್ಟಿ ಐದಾರು ದಿನವಾದ ಮೇಲೆ ತುದಿಯನ್ನು ಬ್ಲೇಡಿನಿಂದ ಹುಷಾರಾಗಿ ಕತ್ತರಿಸಿ ಒಳಗಿನ ಕೋಶವನ್ನು (ಪ್ಯೂಪಾ) ಹೊರತೆಗೆದರೂ ಅದು ಬದುಕಿ ಪತಂಗವಾಗುತ್ತದೆ. ಕೈಮಸೂರದಲ್ಲಿ ಹೊಟ್ಟೆಯ ತುದಿ ನೋಡಿದರೆ ಹೆಣ್ಣಿಗೆ ಎಂಟನೇ ಖಂಡದ ಮೇಲೆ ಸಣ್ಣ ಗೆರೆ, ಗಂಡಿಗೆ ಒಂಬತ್ತನೆಯದರ ಮೇಲೆ ಚುಕ್ಕೆ. ಮಕ್ಕಳು ಗುರುತು ಹಾಕಿಡಲಿ. ಪತಂಗ ಬಂದಾಗ ಎಷ್ಟು ಸರಿ ಎಂದು ತಾವೇ ಎಣಿಸುತ್ತಾರೆ. ಆಮೇಲೆ ಹೆಣ್ಣನ್ನು ಗಾಜಿನ ಲೋಟದಡಿ ಮುಚ್ಚಿ, ಹತ್ತು ಸೆಂ.ಮೀ. ದೂರದಲ್ಲಿ ಗಂಡನ್ನು ಬಿಡಿ. ಕಣ್ಣೆದುರೇ ಇದ್ದರೂ ಗಂಡು ತಣ್ಣಗಿರುತ್ತದೆ. ಹೆಣ್ಣು ಕೂತಿದ್ದ ಕಾಗದವನ್ನಷ್ಟೇ ಹತ್ತಿರ ತನ್ನಿ, ರೆಕ್ಕೆ ಬಡಿಯತೊಡಗುತ್ತದೆ. ಈ ವಾಸನೆಯೇ ಬಾಂಬಿಕಾಲ್, ಪತ್ತೆಯಾದ ಮೊದಲ ಫೆರೊಮೋನ್. 1959ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಬ್ಯುಟೆನಾಂಟ್ ಅದನ್ನು ಬೇರ್ಪಡಿಸಲು ಸುಮಾರು 5 ಲಕ್ಷ ಹೆಣ್ಣು ಪತಂಗಗಳು ಬೇಕಾಗಿದ್ದವು.

ಆನುವಂಶಿಕತೆಗೂ ಮೆಂಡೆಲನ ಬಟಾಣಿ ಹುಡುಕಬೇಕಿಲ್ಲ. ಮೈಸೂರು ತಳಿಯ ಗೂಡು ಹಸಿರು ಮಿಶ್ರಿತ ಹಳದಿ, ದ್ವಿತಳಿಯದು (ವರ್ಷಕ್ಕೆ ಎರಡು ಪೀಳಿಗೆ ಕಾಣುವ ಬೈವೋಲ್ಟೈನ್ ತಳಿ) ಬಿಳಿ, ಎರಡರ ಮಿಶ್ರತಳಿಯದು ಹಳದಿ. ಮಾರುಕಟ್ಟೆಯಿಂದ ಮೂರು ಗೂಡು ತಂದು ಮೇಜಿನ ಮೇಲಿಟ್ಟರೆ ಪ್ರಬಲ ಗುಣದ ಪಾಠಕ್ಕೆ ಬಾಗಿಲು ತೆರೆಯಿತು. ಮುಂದಿನ ಪೀಳಿಗೆಯನ್ನು ಮಾತ್ರ 3:1ರ ಚೌಕಟ್ಟಿಗೆ ತುರುಕಬೇಡಿ; ಗೂಡಿನ ಬಣ್ಣಕ್ಕೆ ಒಂದಕ್ಕಿಂತ ಹೆಚ್ಚು ಜೀನ್‌ಗಳಿವೆ.

ಮೊಟ್ಟೆ ಕೇಂದ್ರಗಳಲ್ಲಿ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗದ ಬೀಜಾಣು ಕಂಡರೆ ಆ ಮೊಟ್ಟೆಯನ್ನು ಸುಟ್ಟುಬಿಡುತ್ತಾರೆ. ಈ ವಿಧಾನ ರೂಪಿಸಿದವನು ಪಾಶ್ಚರ್, 1865ರಿಂದ ಫ್ರಾನ್ಸಿನ ರೇಷ್ಮೆ ಊರುಗಳಲ್ಲಿ ಕೂತು. ರೋಗಾಣುವಿನ ಪಾಠ ಮಾಡುವ ಮೊದಲು ಮಕ್ಕಳನ್ನು ಅಂಥ ಒಂದು ಕೇಂದ್ರಕ್ಕೆ ಅರ್ಧ ದಿನ ಕರೆದೊಯ್ದರೆ ಸಾಕು. ಇದಕ್ಕೆ ಸಮನಾದದ್ದು ಇಂಗ್ಲೆಂಡಿನ ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಅದೇ ಕಾರಣಕ್ಕೆ ಇನ್ನೊಂದು ಮಾತು. ಶಾಲೆಯಲ್ಲಿ ಸಾಕಿದ ಹುಳ, ಗೂಡು, ಮೊಟ್ಟೆ ಯಾವುದನ್ನೂ ತಂದ ಮನೆಗೆ ವಾಪಸ್ ಕಳಿಸಬೇಡಿ. ಹಾಲುತೊಂಡೆಯೋ ಸುಣ್ಣಕಟ್ಟೋ ಎಂಬ ರೋಗ ಜೊತೆಗೆ ಹೋದರೆ ಆ ರೈತನ ಬೆಳೆಯೇ ಹೋಗುತ್ತದೆ. ಪೆಟ್ಟಿಗೆ, ಹಿಕ್ಕೆ, ಉಳಿದ ಸೊಪ್ಪು ಎಲ್ಲವನ್ನೂ ಸುಟ್ಟು, ಮೇಜನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ಒರೆಸಿ, ಆಮೇಲೆ ಮಕ್ಕಳನ್ನು ಮನೆಗೆ ಬಿಡಿ.