ಅತ್ತರೆ ನಂಬಿಕೆ ಕಡಿಮೆಯಂತೆ!

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರಲ್ಲ.

ಬೆಟಗೇರಿಯಲ್ಲಿ ಒಬ್ಬರ ಮನೆಯಲ್ಲಿ ಪ್ರಾರ್ಥನೆ ಇತ್ತು. ಹಾಡಿ ಆಯ್ತು, ಬೈಬಲ್ ವಚನ ಓದಿ ಆಯ್ತು. ಒಬ್ಬೊಬ್ಬರೇ ಪ್ರಾರ್ಥನೆ ಮಾಡುವಾಗ ಬಾಗಿಲ ಹತ್ತಿರ ಕೂತಿದ್ದ ಅಕ್ಕ ಶುರು ಮಾಡಿದರು. ಮಗ ಮನೆ ಬಿಟ್ಟು ಹೋಗಿದ್ದಾನೆ, ಫೋನ್ ಎತ್ತುವುದಿಲ್ಲ. ಮಗ್ಗದ ಸಾಲ ಹಾಗೇ ಇದೆ. "ಎಷ್ಟಂತ ಬೇಡ್ಲಿ ಕರ್ತನೇ, ನಿನಗ ಕೇಳಸ್ತದೋ ಇಲ್ಲೋ" ಅಂದವರೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಸಭೆಯ ಹಿರಿಯರೊಬ್ಬರು ನಡುವೆಯೇ ತಡೆದರು. "ಹಂಗೆಲ್ಲಾ ಅನಬಾರ್ದವಾ. ನಂಬಿಕಿ ಇದ್ದವ್ರು ಅಳಂಗಿಲ್ಲ. ಸ್ತೋತ್ರ ಹೇಳು."

ಅಕ್ಕ ಸ್ತೋತ್ರ ಹೇಳಿದರು. ಆಮೇಲೆ ತುಟಿ ಬಿಚ್ಚಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಅದೇ ಹಿರಿಯರು ಗಿರ್ಮಿಟ್ ತಿನ್ನುತ್ತಾ ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ಹಾಕಿಕೊಂಡರು. ಆ ಕಣ್ಣೀರಿಗೆ ಯಾರ ತಕರಾರೂ ಇರಲಿಲ್ಲ ಬಿಡಿ.

ನಂಬಿಕೆ ಅಂದರೆ ಇವರಿಗೆ ಭಾನುವಾರದ ಇಸ್ತ್ರಿ ಅಂಗಿ. ಎಲ್ಲೂ ಸುಕ್ಕು ಕಾಣಬಾರದು. ಬೈಬಲಿನ ಕೀರ್ತನೆ 62ರ 8ನೇ ವಚನ ತೆಗೆದು ನೋಡಿ. ಯಾವಾಗಲೂ ದೇವರನ್ನು ನಂಬಿ ಅನ್ನುವ ಮಾತಿನ ಬೆನ್ನಿಗೇ ಹೃದಯವನ್ನು ಆತನ ಮುಂದೆ ಬಿಚ್ಚಿ ಅಂತಿದೆ. ನಂಬಿ, ಆದರೆ ಬಾಯಿ ಮುಚ್ಚಿಕೊಂಡಿರಿ ಅಂತ ಎಲ್ಲೂ ಇಲ್ಲ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ.

ಬೈಬಲಿನ ಹನ್ನಳ ಕಥೆ ಗೊತ್ತಲ್ವಾ? ಮಕ್ಕಳಿಲ್ಲ, ಮೇಲೆ ಸವತಿ ಪೆನಿನ್ನಳ ಕಾಟ. ಶೀಲೋವಿನ ದೇವಾಲಯದಲ್ಲಿ ಅತ್ತು ಅತ್ತು ಬೇಡಿಕೊಂಡಳು. ತುಟಿ ಅಲುಗಾಡುತ್ತಿತ್ತು, ದನಿ ಇರಲಿಲ್ಲ. ಯಾಜಕ ಏಲಿ ಕುಡಿದಿದ್ದಾಳೆ ಅಂದುಕೊಂಡು ಗದರಿದ. ಅವಳು ಹೆದರಲಿಲ್ಲ. ಕುಡಿದಿಲ್ಲ ಸ್ವಾಮಿ, ನನ್ನ ಸಂಕಟ ದೇವರ ಮುಂದೆ ತೋಡಿಕೊಂಡೆ ಅಂದಳು. ಏಲಿ ಅಲ್ಲಿಗೇ ಸುಮ್ಮನಾಗಿ ಹರಸಿ ಕಳಿಸಿದ. ಅಷ್ಟಾದರೂ ಬುದ್ಧಿ ಇತ್ತು ಅವನಿಗೆ! ಅವಳು ಎದ್ದು ಹೋಗಿ ಊಟ ಮಾಡಿದಳು, ಮುಖ ತಿಳಿಯಾಯಿತು. ಗಮನಿಸಿ, ಆಮೇಲೆ ಹುಟ್ಟಿದ ಮಗ ಸಮುವೇಲ ಆಗಿನ್ನೂ ಹೊಟ್ಟೆಯಲ್ಲೂ ಇರಲಿಲ್ಲ. ಕೊಟ್ಟದ್ದು ನೋಡಿ ನಂಬಿದ್ದಲ್ಲ ಅವಳು, ಎಲ್ಲ ಹೇಳಿಕೊಂಡು ಹಗುರಾಗಿ ನಂಬಿದಳು.

ಈಗ ಯಾರಾದರೂ ಬರ್ತಾರೆ: "ಮೋಶೆಯ ಜತೆ ಐಗುಪ್ತ ಬಿಟ್ಟು ಬಂದ ಇಸ್ರಾಯೇಲರು ಗೊಣಗಿ ಅಡವಿಯಲ್ಲೇ ಸತ್ತರಲ್ಲ?" ಹೌದು ಸ್ವಾಮಿ. ಅವರು ಗುಡಾರಗಳಲ್ಲಿ ಕೂತು ಗೊಣಗಿದರು, ದೇವರಿಗೆ ನಮ್ಮ ಮೇಲೆ ದ್ವೇಷ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಈ ಅಕ್ಕ ನೇರ ದೇವರನ್ನೇ ಕೇಳಿದರು. ಎರಡೂ ಒಂದೇನಾ?

ನನ್ನದೂ ಹೇಳಿಬಿಡ್ತೀನಿ. ಅಪ್ಪ ತೀರಿಕೊಂಡ ವರ್ಷ ಚರ್ಚಿನಲ್ಲಿ ನನಗೆ ಒಂದು ಹಾಡೂ ಬಾಯಿಗೆ ಬರ್ತಿರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ದೇವರ ಜತೆ ಜಗಳ ಆಡ್ತಿದ್ದೆ. ಬೈದಿದ್ದೂ ಉಂಟು. ಆವತ್ತು ಅದನ್ನೂ ನುಂಗಿಕೊಂಡಿದ್ದರೆ ನಾನು ಇವತ್ತು ಚರ್ಚಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಸುವಾರ್ತೆ ಸಾರುವ ಬಾಸೆಲ್ ಮಿಷನ್ ಸಂಸ್ಥೆ ಬೆಟಗೇರಿಗೆ ಬಂದದ್ದು 1841ರಲ್ಲಿ. ಅಷ್ಟು ತಲೆಮಾರುಗಳಿಂದ ಸುವಾರ್ತೆ ಕೇಳುತ್ತಿರುವ ಊರಲ್ಲಿ ಗೆತ್ಸೇಮನೆ ತೋಟದ ಕಥೆ ಹಿರಿಯರ ಕಿವಿಗೆ ಬಿದ್ದಿಲ್ಲವೇ? ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಅಲ್ಲಿ ಯೇಸುಸ್ವಾಮಿಯೇ ಬೋರಲು ಬಿದ್ದು, ಸಾಧ್ಯವಿದ್ದರೆ ಸಂಕಟದ ಈ ಪಾತ್ರೆ ತಪ್ಪಿಸು ಅಂತ ಬೇಡಿಕೊಂಡರು. "ನಿನ್ನ ಚಿತ್ತದಂತೆ ಆಗಲಿ" ಅಂದದ್ದು ಅದಾದ ಮೇಲೆ. ಇವರು ಮೊದಲಿನದನ್ನು ಬಿಟ್ಟು ನೇರ ಚಿತ್ತಕ್ಕೇ ಹಾರ್ತಾರೆ.

ಮುಂದಿನ ವಾರ ಪ್ರಾರ್ಥನೆ ನಮ್ಮನೆಯಲ್ಲಿ. ಮೊದಲು ಪ್ರಾರ್ಥನೆ ಮಾಡುವವರು ನೀವೇ ಅಂತ ಆ ಅಕ್ಕನಿಗೆ ಹೇಳಿ ಬಂದಿದ್ದೇನೆ. ಹಿರಿಯರನ್ನೂ ಕರೆದಿದ್ದೇನೆ. ನಡುವೆ ಬಾಯಿ ಹಾಕಿದರೆ ಅಲ್ಲೇ ಹೇಳ್ತೀನಿ, ಫೇಸ್‌ಬುಕ್ಕಿನವರೆಗೆ ಕಾಯೋದಿಲ್ಲ.