ಅಗ್ಗದ ಫೋನ್ ಒಂದೇ ಕಾರಣ ಅಲ್ಲ

ನಿಮ್ಮ ಲೇಖನದಲ್ಲಿ ಫೋನ್ ಅಗ್ಗವಾಗಿದ್ದಕ್ಕೇ ಆಂಡ್ರಾಯ್ಡ್ ಇಷ್ಟು ಜನರಿಗೆ ತಲುಪಿತು ಅಂತ ಬರೆದಿದ್ದೀರಿ, ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಿಂಡೋಸ್ ಫೋನ್ ಕೂಡ ಅಗ್ಗಕ್ಕೆ ಸಿಗುತ್ತಿತ್ತು, ನೋಕಿಯಾದ ಲೂಮಿಯಾ 520 ನೆನಪಿದೆ ಅಲ್ವಾ? ಬೇಕಾದ ಆ್ಯಪ್‌ಗಳೇ ಬರಲಿಲ್ಲ, ಜನ ಬಿಟ್ಟರು. ಆಂಡ್ರಾಯ್ಡ್‌ನ ಮೊದಲ ಫೋನ್ ಬಂದದ್ದು 2008ರಲ್ಲಿ. ಆದರೆ ಆ್ಯಪ್ ಬರೆಯಲು ಬೇಕಾದ ಸಾಫ್ಟ್‌ವೇರ್ ಕಟ್ಟು, ಅಂದರೆ ಎಸ್‌ಡಿಕೆಯನ್ನು, ಗೂಗಲ್‌ನವರು 2007ರ ನವೆಂಬರ್‌ನಲ್ಲೇ ಬಿಟ್ಟಿದ್ದರು, ಅದೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಬಗೆಯ ಕಂಪ್ಯೂಟರಿಗೆ ಪುಕ್ಕಟೆಯಾಗಿ.

ಇದರ ಮಹತ್ವ ಗೊತ್ತಾಗುವುದು ನಮ್ಮಂಥ ಊರಲ್ಲಿ. ನಾನು ಕೊಡಗಿನ ಸೋಮವಾರಪೇಟೆ ಕಡೆಯವನು. ಇಲ್ಲಿ ಕಾಫಿ ತೋಟದವರು ಬೆಳಿಗ್ಗೆ ಮಳೆಮಾಪಕ ನೋಡಿ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಅದಕ್ಕೊಂದು ಆ್ಯಪ್ ಮಾಡಿದ್ದು ನನ್ನ ತಂಗಿ, ಹಳೇ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ. ಕಂಪ್ಯೂಟರಲ್ಲೇ ಫೋನಿನಂತೆ ಆ್ಯಪ್ ಪರೀಕ್ಷಿಸುವ ಎಮ್ಯುಲೇಟರ್ ಓಡಿಸುವ ಶಕ್ತಿ ಅದಕ್ಕಿಲ್ಲ, ಹಾಗಾಗಿ ಅಪ್ಪನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ, ಆ್ಯಪ್ ಮಾಡುವವರಿಗಾಗಿ ಇರುವ ಡೆವಲಪರ್ ಆಪ್ಷನ್ಸ್ ತೆರೆದು, ಯುಎಸ್‌ಬಿ ಕೇಬಲ್ ಹಾಕಿ ರನ್ ಕೊಟ್ಟಳು, ಅಷ್ಟೇ. ಆಮೇಲೆ ಆ್ಯಪ್ ಹಾಕಿಕೊಳ್ಳುವ ಎಪಿಕೆ ಫೈಲ್ ವಾಟ್ಸಾಪಲ್ಲಿ ಪಕ್ಕದ ತೋಟದವರಿಗೂ ಹೋಯಿತು. ಕೀಪ್ಯಾಡ್ ಫೋನೇ ಸಾಕು ಅನ್ನುತ್ತಿದ್ದ ದೊಡ್ಡಪ್ಪ ಇದಕ್ಕಾಗಿಯೇ ಆಂಡ್ರಾಯ್ಡ್ ತಗೊಂಡರು. ಐಫೋನಿಗೆ ಮಾಡಬೇಕಾದರೆ ಆಪಲ್‌ನವರ ಎಕ್ಸ್‌ಕೋಡ್ ಅನ್ನುವ ಸಾಫ್ಟ್‌ವೇರ್ ಬೇಕು, ಅದಕ್ಕೆ ಮ್ಯಾಕ್ ಬೇಕು, ಆ್ಯಪ್ ಸ್ಟೋರಿಗೆ ಹಾಕಲು ವರ್ಷ ವರ್ಷ 99 ಡಾಲರ್ ಕಟ್ಟಬೇಕು. ಪ್ಲೇ ಸ್ಟೋರಲ್ಲಿ ಒಂದೇ ಸಲ 25 ಡಾಲರ್. ಕಾಲೇಜು ಹುಡುಗಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ದಯವಿಟ್ಟು ಲೇಖನದಲ್ಲಿ ಈ ಲೆಕ್ಕವನ್ನೂ ಸೇರಿಸಿ.