ಎಂಎ ಮುಗಿದ ಮೇಲೆ ಎಲ್ಲಿಗೆ ಮೇಡಂ?

ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳ್ತಾರೆ: "ಎಂಎ ಎಜುಕೇಶನ್ ಮಾಡ್ತಿದೀರಂತೆ, ಮುಂದೆ ಪಿಯುನಾ, ಡಯಟ್ಟಾ?" ಡಯಟ್ ಅಂದರೆ ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ. ಕೇಳುವವರದ್ದೇನೂ ತಪ್ಪಿಲ್ಲ ಬಿಡಿ. ಪ್ರೈಮರಿ ಶಾಲೆ ಟೀಚರ್ ಮತ್ತೆ ಪುಸ್ತಕ ಹಿಡಿದಳು ಅಂದರೆ ಪ್ರೈಮರಿ ಶಾಲೆಯಿಂದ ಹೊರಬೀಳೋಕೆ ದಾರಿ ಹುಡುಕ್ತಿದ್ದಾಳೆ ಅಂತಲೇ ನಮ್ಮ ಕಡೆ ಲೆಕ್ಕ. ಮುಕ್ತ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಇಲಾಖಾ ಅನುಮತಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಕಚೇರಿ ಮೆಟ್ಟಿಲು ಹತ್ತಿದಾಗ ನನ್ನ ಲೆಕ್ಕವೂ ಅದೇ ಇತ್ತು.

ಅದಕ್ಕೆ ಕಾರಣವೂ ಇದೆ. 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದ ಮೇಲೆ, 1ರಿಂದ 7ನೇ ತರಗತಿಗೆ ಅಂತ ನೇಮಕವಾದ ನಮ್ಮನ್ನು 1ರಿಂದ 5ಕ್ಕೆ ತಂದು ನಿಲ್ಲಿಸಿದರು. 6ರಿಂದ 8ಕ್ಕೆ ಪದವೀಧರ ಶಿಕ್ಷಕರ ವೃಂದವೇ ಬೇರೆ ಆಯ್ತು. ಬಿಎ, ಬಿಎಡ್ ಮಾಡಿಕೊಂಡು ವರ್ಷಗಟ್ಟಲೆ ಏಳನೇ ಕ್ಲಾಸಿಗೆ ಪಾಠ ಮಾಡಿದವರಿಗೆ ಅದು ಹಿಂಬಡ್ತಿ ಅಂತಲೇ ಅನಿಸಿತು. ಹಾಗಾಗಿ ಒಂದು ಎಂಎ ಇರಲಿ, ಶೇ. 55 ಬಂದರೆ ಪಿಯು ಉಪನ್ಯಾಸಕರ ಹುದ್ದೆಗಾದರೂ ಅರ್ಜಿ ಹಾಕಬಹುದು ಅನ್ನೋ ಆಸೆ ಸ್ಟಾಫ್ ರೂಮಿನಲ್ಲಿ ಅರ್ಧ ಜನಕ್ಕಾದರೂ ಇದೆ. ಪಿಯುನಲ್ಲಿ ಶಿಕ್ಷಣ ವಿಷಯದ ಹುದ್ದೆಗಳೇ ಕಡಿಮೆ ಅಂತ ಗೊತ್ತಾದ ಮೇಲೆ ನಾನು ನೆಟ್ ಗೈಡ್ ತಂದೆ; ನೆಟ್ ಅಂದರೆ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗೋಕೆ ಬರೆಯುವ ಅರ್ಹತಾ ಪರೀಕ್ಷೆ. ಮೂರು ಗಂಟೆಯಲ್ಲಿ 150 ಪ್ರಶ್ನೆ, 300 ಅಂಕ. ಎರಡನೇ ಗುರಿ ಹುಟ್ಟಿದ್ದು ಹಾಗೆ.

ಆ ಗುರಿ ಅಲ್ಲಾಡಿದ್ದು ಅಸೈನ್‌ಮೆಂಟ್ ಬರೆಯುವಾಗ. ಮಕ್ಕಳ ತಪ್ಪುಗಳ ವಿಶ್ಲೇಷಣೆ ಅಂತ ಒಂದು ಪ್ರಶ್ನೆ ಇತ್ತು. ನನ್ನ ಮೂರನೇ ಕ್ಲಾಸಿನ ನೋಟ್‌ಬುಕ್ಕುಗಳನ್ನೇ ಮನೆಗೆ ಹೊತ್ತು ತಂದೆ. ಒಬ್ಬ ಹುಡುಗಿ 52ರಲ್ಲಿ 27 ಕಳೆದು 35 ಅಂತ ಬರೆದಿದ್ದಳು. 61ರಲ್ಲಿ 38 ಕಳೆದರೆ 37. ಇಂಥವನ್ನು ಕೆಂಪು ಪೆನ್ನಲ್ಲಿ ಗೀಟು ಹಾಕಿ ಮುಂದಕ್ಕೆ ಹೋಗೋದು ನಮ್ಮ ರೂಢಿ. ಮಾರನೇ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದು ಹೇಗೆ ಬಂತು ಪುಟ್ಟಿ?" ಅಂದೆ. "ಏಳರಲ್ಲಿ ಎರಡು ಹೋದ್ರೆ ಐದು. ಐದರಲ್ಲಿ ಎರಡು ಹೋದ್ರೆ ಮೂರು. ಯಾವಾಗ್ಲೂ ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕು ಮಿಸ್" ಅಂದಳು, ಇಷ್ಟೂ ಗೊತ್ತಿಲ್ವಾ ಅನ್ನೋ ಮುಖದಲ್ಲಿ.

ಅವಳು ಹೇಳಿದ್ದು ಒಂದನೇ ಕ್ಲಾಸಿನಲ್ಲಿ ಎಲ್ಲ ಮಕ್ಕಳಿಗೂ ಬಾಯಿಪಾಠ ಮಾಡಿಸುವ ಮಾತೇ. ದಶಕ ಸಹಿತ ವ್ಯವಕಲನ, ಅಂದರೆ ಹತ್ತರ ಸ್ಥಾನದಿಂದ ಸಾಲ ತಂದು ಕಳೆಯೋದು, ಬಂದಾಗ ಆ ಮಾತೇ ಅವಳಿಗೆ ಅಡ್ಡ ಬಂದಿತ್ತು. 52ನ್ನು 4 ದಶಕ, 12 ಬಿಡಿ ಅಂತ ಕಡ್ಡಿ ಕಟ್ಟು ಬಿಚ್ಚಿ ತೋರಿಸಿದರೆ ಮಾತ್ರ ಅವಳ ನಿಯಮ ಸಡಿಲ ಆಗೋದು. ಆಮೇಲೆ ಓದುವಾಗ ಗೊತ್ತಾಯ್ತು, 1978ರಲ್ಲೇ ಬ್ರೌನ್ ಮತ್ತು ಬರ್ಟನ್ ಅನ್ನೋ ಇಬ್ಬರು ಅಮೆರಿಕದ ಸಂಶೋಧಕರು ಮಕ್ಕಳು ಕಳೆಯುವ ಲೆಕ್ಕದಲ್ಲಿ ಮಾಡುವ ಇಂಥ ತಪ್ಪುಗಳನ್ನು ವಿಂಗಡಿಸಿ ಇಟ್ಟಿದ್ದಾರೆ. ಮಕ್ಕಳ ತಪ್ಪಿಗೂ ಒಂದು ಕ್ರಮ ಇರುತ್ತೆ, ಮನಸ್ಸಿಗೆ ಬಂದ ಹಾಗೆ ಬರೆದಿರೋದಿಲ್ಲ ಅನ್ನೋದು ಅವರ ಮಾತು. ಅದನ್ನು ಓದಿದ ಮೇಲೆ ನೆಟ್ ಗೈಡ್ ಮುಟ್ಟಿದ್ದೇ ಕಡಿಮೆ.

ಈಗ ನನ್ನ ತಕರಾರಿಗೆ ಬರ್ತೀನಿ. ನಮ್ಮ ವ್ಯವಸ್ಥೆಯಲ್ಲಿ ಶಿಕ್ಷಕಿ ಬೆಳೆಯೋದು ಅಂದರೆ ಮಕ್ಕಳಿಂದ ದೂರ ಹೋಗೋದು. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆದರೆ ಮಾಹಿತಿ ಕೇಳ್ಕೊಂಡು ಶಾಲೆ ಶಾಲೆ ಸುತ್ತಬೇಕು, ಬಿಆರ್‌ಪಿ (ಬ್ಲಾಕ್ ಸಂಪನ್ಮೂಲ ವ್ಯಕ್ತಿ) ಆದರೆ ತರಬೇತಿ ಮತ್ತು ವರದಿ, ಡಯಟ್‌ಗೆ ಹೋದರೆ ಕಡತ. ಆ ಕೆಲಸಗಳು ಬೇಡ ಅಂತಲ್ಲ. ಆದರೆ ಓದಿ ಕಲಿತದ್ದನ್ನು ತನ್ನದೇ ಕ್ಲಾಸಿನಲ್ಲಿ ಪರೀಕ್ಷೆ ಮಾಡಿ, ಬರೆದಿಟ್ಟು, ಪಕ್ಕದ ಶಾಲೆಯವರಿಗೆ ಹೇಳಿಕೊಡ್ತೀನಿ ಅನ್ನುವವಳಿಗೆ ಒಂದು ಹುದ್ದೆಯೂ ಇಲ್ಲ, ಒಂದು ಇನ್‌ಕ್ರಿಮೆಂಟೂ ಇಲ್ಲ. ಶಿಕ್ಷಕರೇ ಸಂಶೋಧಕರಾಗಬೇಕು ಅಂತ ಇಂಗ್ಲೆಂಡಿನ ಶಿಕ್ಷಣ ತಜ್ಞ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲೇ ಬರೆದರು. ನಮ್ಮ ಬಿಎಡ್‌ನಲ್ಲಿ ಅದು ಕ್ರಿಯಾ ಸಂಶೋಧನೆ ಅನ್ನೋ ಹೆಸರಲ್ಲಿ ಒಂದು ಫೈಲ್ ಆಗಿ ಕೂತಿದೆ. ಸೀನಿಯರ್ ಹತ್ರ ಇಸ್ಕೊಂಡು ಕಾಪಿ ಮಾಡೋ ಫೈಲು, ನಿಮಗೂ ಗೊತ್ತು.

ಇದೆಲ್ಲ ಆಗದ ಮಾತು ಅನ್ನುವವರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ನೆನಪಿಸ್ತೀನಿ. 1995ರ ಸುಮಾರಿಗೆ ಅಲ್ಲಿಯ ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ತಾವೇ ಕೂತು ಕಲಿಕೆಯ ಕಾರ್ಡು ಬರೆದರು, ಮಕ್ಕಳು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಕಲಿಕಾ ಏಣಿ ಮಾಡಿದರು. ಚಿಕ್ಕ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿ ಶುರುವಾದದ್ದು ಅಲ್ಲಿ. ಆಮೇಲೆ ಅದು ರಾಜ್ಯದ ತುಂಬ ಹರಡಿತು. ಹರಡಿದ ಮೇಲೆ ಕಾರ್ಡುಗಳು ಮೇಲಿಂದ ಅಚ್ಚಾಗಿ ಬರತೊಡಗಿದವು, ಬರೆಯುವ ಕೆಲಸ ಶಿಕ್ಷಕರ ಕೈತಪ್ಪಿತು. ನಲಿಕಲಿ ಬಗ್ಗೆ ಇವತ್ತು ಗೊಣಗುವವರಲ್ಲಿ ಬಹಳ ಜನರ ಅಸಮಾಧಾನದ ಬೇರು ಅಲ್ಲಿದೆ ಅಂತ ನನಗನಿಸುತ್ತೆ.

ಡಿಸರ್ಟೇಶನ್ನಿಗೆ ಕಳೆಯುವ ಲೆಕ್ಕವನ್ನೇ ತಗೊಂಡಿದೀನಿ. ಮಾರ್ಗದರ್ಶಕರು ಮೊದಲು "ಇಷ್ಟು ಸಣ್ಣ ವಿಷಯನಾ?" ಅಂದರು, ನೋಟ್‌ಬುಕ್ಕಿನ ಫೋಟೋ ಕಳಿಸಿದ ಮೇಲೆ ಒಪ್ಪಿದರು. ಮನೆಯಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ. "ಎಂಎ ಮಾಡಿ ಮತ್ತೆ ಅದೇ ಮೂರನೇ ಕ್ಲಾಸಾ?" ಅನ್ನೋದು ನಮ್ಮನೆಯವರ ಪ್ರಶ್ನೆ. ಸಂಬಳದ ಮಟ್ಟಿಗೆ ಅವರ ಮಾತು ಸರಿ. ಸೇವಾ ಪುಸ್ತಕದಲ್ಲಿ ಎಂಎ ಅಂತ ಒಂದು ಸಾಲು ಸೇರುತ್ತೆ, ಬೇಸಿಕ್ ಒಂದು ರೂಪಾಯಿಯೂ ಏರಲ್ಲ. ಪಿಯು ನೋಟಿಫಿಕೇಶನ್ ಬಂದರೆ ಅರ್ಜಿ ಹಾಕಿಯೂ ಬಿಡ್ತೀನೇನೋ, ಇಬ್ಬರು ಮಕ್ಕಳ ಫೀಸು ಕಟ್ಟಬೇಕಲ್ಲ. ಆದರೆ ಸಮಾಲೋಚನಾ ಸಭೆಯಲ್ಲಿ ಕೇಳಿದವರಿಗೆ ಸದ್ಯಕ್ಕೆ ಇಷ್ಟೇ ಹೇಳ್ತಿದೀನಿ: ಎಲ್ಲಿಗೂ ಇಲ್ಲ, ನಿಮ್ಮ ಶಾಲೆಯ ಮೂರನೇ ಕ್ಲಾಸಿನ ನೋಟ್‌ಬುಕ್ ಒಂದು ವಾರದ ಮಟ್ಟಿಗೆ ಕೊಡ್ತೀರಾ?